ತೌಬಾದ ಮರುದಿನ

ಹತ್ತು ವರ್ಷಗಳ ಹಿಂದೆ ನಾವು ಬರೆದ ಒಂದು ಕಥೆಯಲ್ಲಿ ಒಬ್ಬ ಕುಡುಕನಿದ್ದ. ಲಾರಿ ಗ್ಯಾರೇಜಿನಲ್ಲಿ ದುಡಿಯುವ ಮೇಸ್ತ್ರಿ. ಸಂಬಳದ ದಿನ ಮನೆಗೆ ಬರುವಷ್ಟರಲ್ಲಿ ಅವನ ಕಿಸೆ ಖಾಲಿ. ಹೆಂಡತಿ ಬೀಡಿ ಕಟ್ಟಿ ಸಂಸಾರ ತೂಗಿಸುತ್ತಾಳೆ. ಕೊನೆಗೆ ರಮಝಾನಿನ 27ನೇ ರಾತ್ರಿ ಅವನು ಮಸೀದಿಯ ಮೂಲೆಯಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತು ತೌಬಾ ಮಾಡುತ್ತಾನೆ. ಹೊರಗೆ ಸಹರಿಗೆ ಎಬ್ಬಿಸುವವರ ದನಿ ಕೇಳಿಸುತ್ತದೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಓದಿದವರು ಮೆಚ್ಚಿಕೊಂಡರು, ಕೆಲವರು ಕಣ್ಣೀರು ಬಂತೆಂದು ಪತ್ರ ಬರೆದರು. ನಮಗೂ ಆ ಕಥೆಯ ಬಗ್ಗೆ ಒಳಗೊಳಗೇ ಜಂಬವಿತ್ತು.

ಒಂದು ಊರಿನ ಕಾರ್ಯಕ್ರಮದಲ್ಲಿ ಆ ಕಥೆಯನ್ನು ಓದಿ ವೇದಿಕೆಯಿಂದ ಇಳಿದಾಗ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಬಳಿ ಬಂದು ನಿಂತಳು. "ಕಥೆ ಚೆನ್ನಾಗಿದೆ ಭಾಯ್. ಆದರೆ ಈದ್ ಆದ ಮೇಲೆ ಏನಾಯಿತು?" ಎಂದು ಕೇಳಿದಳು. ನಾವು ನಕ್ಕು, "ಅದನ್ನು ಓದುಗರ ಕಲ್ಪನೆಗೆ ಬಿಟ್ಟಿದ್ದೇವೆ ಆಪಾ" ಎಂದೆವು. ಅವಳು ನಗಲಿಲ್ಲ. "ನನಗೆ ಕಲ್ಪನೆ ಬೇಡ, ನಮ್ಮ ಮನೆಯಲ್ಲೇ ನೋಡಿದ್ದೇನೆ" ಎಂದಳು.

ಅವಳ ಗಂಡನೂ ತೌಬಾ ಮಾಡಿದ್ದ. ಮೊದಲ ಕೆಲವು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದವನು ಹದಿನೈದು ದಿನ ಹೊಸ ಮದುಮಗನಂತೆ ಇದ್ದನಂತೆ. ಫಜರ್‌ಗೆ ಎಲ್ಲರಿಗಿಂತ ಮೊದಲು ಏಳುವುದು, ಮಲ್ಲಿಗೆ ತರುವುದು, ಗೋಡೆಗೆ ಸುಣ್ಣ ಬಳಿಯುವುದು, ಸಾಲಗಾರರ ಮನೆಗೆ ತಾನೇ ಹೋಗಿ ಗಡುವು ಕೇಳುವುದು. ಮೂರನೇ ವಾರದಲ್ಲಿ ಮಾತು ನಿಂತಿತು. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ಎಸೆದ. ಮರುದಿನ ಅದೇ ತಟ್ಟೆ ತೊಳೆಯುತ್ತಾ, ಎಂಟು ವರ್ಷದ ಹಿಂದೆ ತೀರಿಹೋದ ತಾಯಿಯನ್ನು ನೆನೆದು ಮಗುವಿನಂತೆ ಅತ್ತ. "ಕುಡಿಯುತ್ತಿದ್ದಾಗ ಅವರಿಗೆ ಯಾವಾಗ ಸಿಟ್ಟು ಬರುತ್ತದೆ ಅಂತ ನನಗೆ ಗೊತ್ತಾಗುತ್ತಿತ್ತು ಭಾಯ್, ಮಕ್ಕಳನ್ನು ಪಕ್ಕದ ಮನೆಗೆ ಕಳಿಸುತ್ತಿದ್ದೆ. ಬಿಟ್ಟ ಮೇಲೆ ಗೊತ್ತಾಗುತ್ತಲೇ ಇರಲಿಲ್ಲ. ಒಂದು ದಿನ, ಇವರು ಕುಡಿದುಬಿಟ್ಟರೇ ಚೆನ್ನಾಗಿತ್ತು ಅಂತ ನನ್ನ ಮನಸ್ಸಿಗೆ ಬಂತು. ಅಲ್ಲಾಹ್ ಮಾಫ್ ಮಾಡಲಿ." ಬಕ್ರೀದಿನ ಹಿಂದಿನ ದಿನ ಅವನು ಮತ್ತೆ ಕುಡಿದು ಬಂದ. ಮೊಹಲ್ಲಾದವರು, ಅವನ ತೌಬಾವೇ ಸುಳ್ಳು ಎಂದರು. ಅವಳು ನಮ್ಮನ್ನು ಕೇಳಲು ಬಂದದ್ದು ಅದನ್ನೇ: "ನೀವು ಓದಿದವರು, ಹೇಳಿ. ಅವರ ತೌಬಾ ಸುಳ್ಳಾಗಿತ್ತಾ?"

ಆ ದಿನ ನಮ್ಮ ಬಳಿ ಉತ್ತರವಿರಲಿಲ್ಲ. ಆದರೆ ಅಂದಿನಿಂದ ನಾವು ಓದಿದ ಪುಸ್ತಕಗಳನ್ನೂ ನೋಡಿದ ಸಿನಿಮಾಗಳನ್ನೂ ಅವಳ ಕಣ್ಣಿನಿಂದ ಮತ್ತೆ ನೋಡುವುದು ಅನಿವಾರ್ಯವಾಯಿತು. ಕುಡಿತದ ಬಗ್ಗೆ ಇಷ್ಟೊಂದು ಬರೆದಿರುವ ನಮ್ಮ ಸಾಹಿತ್ಯ, ಕುಡಿತ ಬಿಟ್ಟ ನಂತರದ ನೂರು ದಿನಗಳ ಬಗ್ಗೆ ಏನು ಹೇಳಿದೆ? ಆ ದಿನಗಳ ಏರಿಳಿತಕ್ಕೆ ನಮ್ಮಲ್ಲಿ ಭಾಷೆ ಇದೆಯೇ?

ನಾವು ಏಳನೇ ತರಗತಿಯವರೆಗೆ ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ ಕಲಿತವರು. ಶರಾಬಿನ ವಾಸನೆ ಹೇಗಿರುತ್ತದೆಂದು ತಿಳಿಯುವ ಮೊದಲೇ ಸಾಕಿ, ಮೈಖಾನ, ಜಾಮ್, ರಿಂದ್ ಎಂಬ ಪದಗಳು ನಮಗೆ ಬಾಯಿಪಾಠವಾಗಿದ್ದವು. ಉರ್ದು ಗಝಲಿನಲ್ಲಿ ಮದ್ಯಕ್ಕೆ ಸಂಬಂಧಿಸಿದ ಕಾವ್ಯಕ್ಕೆ ಖಮ್ರಿಯಾತ್ ಎಂಬ ಪ್ರತ್ಯೇಕ ಹೆಸರೇ ಇದೆ. ಆ ಲೋಕದಲ್ಲಿ ತೌಬಾಕ್ಕೂ ಒಂದು ಸ್ಥಾನವಿದೆ, ಆದರೆ ಅದು ಮುರಿಯಲಿಕ್ಕಾಗಿ ಇರುವ ಸ್ಥಾನ. ಮೋಡ ಕವಿಯಿತು, ತೌಬಾ ಮುರಿಯಿತು. ವಸಂತ ಬಂತು, ತೌಬಾ ಮುರಿಯಿತು. ಉಪದೇಶ ಮಾಡಲು ಬಂದ ಶೇಖ್ ಸಾಹೇಬರೇ ನಗೆಪಾಟಲಾಗುತ್ತಾರೆ, ತೌಬಾ ಮುರಿದವನು ರಸಿಕನಾಗಿ ಉಳಿಯುತ್ತಾನೆ.

ಇದನ್ನು ನಾವು ನೀತಿಯ ಕೋಲು ಹಿಡಿದು ಹೇಳುತ್ತಿಲ್ಲ. ಗಝಲಿನ ಮದ್ಯ ಬಹಳ ಸಲ ಮದ್ಯವೇ ಅಲ್ಲ ಎಂಬುದು ನಮಗೂ ತಿಳಿದಿದೆ. ಅದು ದೈವೀ ಪ್ರೇಮದ ಉನ್ಮಾದ, ಡಾಂಭಿಕತನದ ವಿರುದ್ಧದ ಬಂಡಾಯ. ಖಮ್ರಿಯಾತಿನ ದೊಡ್ಡ ಕವಿಯೆಂದು ಹೆಸರಾದ ರಿಯಾಝ್ ಖೈರಾಬಾದಿ (1853–1934) ಜೀವನದಲ್ಲಿ ಒಂದು ತೊಟ್ಟೂ ಕುಡಿದವರಲ್ಲ ಎಂದೇ ಪ್ರಸಿದ್ಧರು. ಕನ್ನಡದತ್ತ ಬಂದರೆ ಇಲ್ಲೂ ಅದೇ ಸೋಜಿಗ. ಕನ್ನಡ ಕಾವ್ಯದ ಅತ್ಯಂತ ಪ್ರೀತಿಯ ಕುಡುಕ ಜಿ. ಪಿ. ರಾಜರತ್ನಂ ಅವರ ಎಂಡ್ಕುಡ್ಕ ರತ್ನ. ಅವನನ್ನು ಸೃಷ್ಟಿಸಿದ ಮೇಷ್ಟರು ಮದ್ಯ ಮುಟ್ಟಿದವರಲ್ಲ. ದೇವರು ಎದುರಿಗೆ ಬಂದು ಹೆಂಡ ಬಿಡು ಎಂದರೆ ರತ್ನ ಬಿಡಲು ಸಿದ್ಧ, ಕನ್ನಡ ಪದ ಹಾಡುವುದನ್ನು ಬಿಡು ಎಂದರೆ ಮಾತ್ರ ಅವನು ಸಿಡಿದೇಳುತ್ತಾನೆ. ಭಾಷಾಪ್ರೇಮದ ಕವಿತೆಯಾಗಿ ಅದಕ್ಕೆ ಎಣೆಯಿಲ್ಲ. ಆದರೆ ಆಪಾಳ ಪಕ್ಕದಲ್ಲಿ ಕುಳಿತು ಓದಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ: ರತ್ನ ಹೆಂಡ ಬಿಡುವುದಕ್ಕೆ ಎರಡು ಮಾತು ಸಾಕು. ಕವಿತೆಗೆ ಅಷ್ಟು ಸಾಕು, ನಿಜವಾದ ರತ್ನನಿಗೆ ಅಷ್ಟು ಸಾಲದು. ನಮ್ಮ ಎರಡೂ ಭಾಷೆಗಳ ಹೆಸರಾಂತ ಕುಡುಕರನ್ನು ಕುಡಿಯದವರೇ ಸೃಷ್ಟಿಸಿರುವಾಗ, ಬಿಟ್ಟ ಮರುದಿನದ ಬೆಳಗು ಹೇಗಿರುತ್ತದೆಂಬುದು ಅಲ್ಲಿ ಸಿಗದಿದ್ದರೆ ಅಚ್ಚರಿಯೇನಿದೆ?

ಹಾಗಾದರೆ ಕುಡಿದ ಲೇಖಕರ ಕಥೆ? ಅಲ್ಲಿ ನಮ್ಮ ನೆನಪೇ ಮೋಸಮಾಡುತ್ತದೆ. 1955ರ ಜನವರಿ 18ರಂದು ಲಾಹೋರಿನಲ್ಲಿ ಸಾದತ್ ಹಸನ್ ಮಂಟೋ ತೀರಿಕೊಂಡರು, ವಯಸ್ಸು 42. ಅದೇ ವರ್ಷದ ಡಿಸೆಂಬರಿನಲ್ಲಿ ಲಕ್ನೋದಲ್ಲಿ ಕವಿ ಮಜಾಝ್ ತೀರಿಕೊಂಡರು. ಚಳಿಯ ರಾತ್ರಿ ಶರಾಬಿನಂಗಡಿಯ ಮಾಳಿಗೆಯ ಮೇಲೆ ಗೆಳೆಯರು ಅವರನ್ನು ಬಿಟ್ಟುಹೋದ ಕಥೆಯನ್ನು ಉರ್ದು ಬಲ್ಲವರು ಇಂದಿಗೂ ನಿಟ್ಟುಸಿರಿಟ್ಟು ಹೇಳುತ್ತಾರೆ. ಬಿಮಲ್ ರಾಯ್ ಅವರ 'ದೇವದಾಸ್' ಕೂಡ 1955ರ ಚಿತ್ರವೇ. ಶರಚ್ಚಂದ್ರರ 1917ರ ಕಾದಂಬರಿಯಿಂದ ಹುಟ್ಟಿದ ಆ ನಾಯಕ ಪಾರ್ವತಿಯ ಬಾಗಿಲ ಮುಂದೆ ಸಾಯುವುದನ್ನು ಎಷ್ಟು ತಲೆಮಾರುಗಳು ಅತ್ತು ನೋಡಿಲ್ಲ!

ಆದರೆ ಇದೇ ಮಂಟೋ ಕುಡಿತ ಬಿಡಲಿಕ್ಕಾಗಿ ಲಾಹೋರಿನ ಮಾನಸಿಕ ಆಸ್ಪತ್ರೆಗೆ ದಾಖಲಾಗಿದ್ದರು. ಇದೇ ಮಜಾಝ್ 1952ರಲ್ಲಿ ರಾಂಚಿಯ ಮಾನಸಿಕ ಆಸ್ಪತ್ರೆಯಲ್ಲಿದ್ದರು. ಅದರ ಬೆನ್ನಿಗೇ, 1953ರ ಜನವರಿಯಲ್ಲಿ, ಅವರ ಪ್ರೀತಿಯ ತಂಗಿ ಸಫಿಯಾ ಅಖ್ತರ್ ತೀರಿಕೊಂಡರು. ಈಗಷ್ಟೇ ಏಳಲು ನೋಡುತ್ತಿರುವ ಮನುಷ್ಯನ ಮೇಲೆ ಅಂಥ ಸಾವು ಹೇಗೆ ಬೀಳುತ್ತದೆ? ಅವನು ಆ ರಾತ್ರಿ ಹೇಗೆ ಕಳೆಯುತ್ತಾನೆ? ಮಾಳಿಗೆಯ ಮೇಲಿನ ಕೊನೆಯ ರಾತ್ರಿಯನ್ನು ನೂರು ಸಲ ಹೇಳಿದ ನಾವು, ರಾಂಚಿಯಿಂದ ಆ ಮಾಳಿಗೆಯವರೆಗಿನ ಸುಮಾರು ಮೂರು ವರ್ಷಗಳ ಬಗ್ಗೆ ಒಂದು ಸಲವಾದರೂ ಕೇಳಿದ್ದೇವೆಯೇ? ಮಂಟೋ ಅವರ 'ಟೋಬಾ ಟೇಕ್ ಸಿಂಗ್' ಲಾಹೋರಿನ ಹುಚ್ಚಾಸ್ಪತ್ರೆಯಲ್ಲೇ ನಡೆಯುವ ಕಥೆ. ಅಲ್ಲಿ ಹುಚ್ಚರಿದ್ದಾರೆ, ಒಡೆದ ದೇಶವಿದೆ; ಕೈ ನಡುಗುತ್ತಾ ಕುಡಿತ ಬಿಡಲು ಬಂದ ರೋಗಿ ಇಲ್ಲ. ಇದು ಆ ಮಹಾನ್ ಕಥೆಯ ಕೊರತೆಯೆಂದು ನಾವು ಹೇಳುತ್ತಿಲ್ಲ. ಆದರೆ ಮಂಟೋ ಬಗ್ಗೆ ಮಾತಾಡುವ ನಾವು ಅವರ ಬಾಟಲಿಯನ್ನು ನೆನೆದಷ್ಟು, ಅದನ್ನು ಬಿಡಲು ಅವರು ಪಟ್ಟ ಪಾಡನ್ನು ನೆನೆಯುವುದಿಲ್ಲ.

ಬಿಟ್ಟು ಬದುಕಿದವರನ್ನಾದರೂ ನೆನೆಯುತ್ತೇವೆಯೇ? ಜಿಗರ್ ಮುರಾದಾಬಾದಿ ಒಂದು ಕಾಲಕ್ಕೆ ಕುಡಿತಕ್ಕೇ ಹೆಸರಾಗಿದ್ದವರು. ನಡುವೆ ಅದನ್ನು ಪೂರ್ತಿ ಬಿಟ್ಟರು. ಬಿಟ್ಟ ಮೇಲೂ ವರ್ಷಗಟ್ಟಲೆ ಬರೆದರು, ಮುಶಾಯಿರಾಗಳನ್ನು ಆಳಿದರು. 'ಆತಿಶ್-ಎ-ಗುಲ್' ಸಂಕಲನಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 1960ರಲ್ಲಿ ತೀರಿಕೊಂಡರು. ಆದರೂ ಮುಶಾಯಿರಾದ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದರೆ ಜಿಗರ್ ಬಗ್ಗೆ ಸಿಗುವ ಸ್ವಾರಸ್ಯದ ಕಥೆಗಳೆಲ್ಲ ಕುಡಿಯುತ್ತಿದ್ದ ದಿನಗಳವು. ಬಿಟ್ಟ ಕಥೆ ಒಂದು ಧಾರ್ಮಿಕ ಪವಾಡವಾಗಿ ಎರಡು ಮಾತಿನಲ್ಲಿ ಮುಗಿಯುತ್ತದೆ. ನಮ್ಮ ಕಥೆಯ ಗ್ಯಾರೇಜ್ ಮೇಸ್ತ್ರಿಯಂತೆಯೇ.

ಪವಾಡದ ಬದಲು ನಿಜವಾಗಿ ನಡೆಯುವುದೇನು? ಇದನ್ನು ತಿಳಿಯಲು ನಾವು ವೈದ್ಯರ ಬಳಿಯೂ ಬಿಟ್ಟವರ ಬಳಿಯೂ ಕುಳಿತುಕೊಳ್ಳಬೇಕಾಯಿತು. ಮದ್ಯ ಮೆದುಳನ್ನು ಮಂಕುಗೊಳಿಸುವ ವಸ್ತು. ವರ್ಷಗಟ್ಟಲೆ ದಿನವೂ ಅದು ಒಳಗೆ ಬೀಳುತ್ತಿದ್ದರೆ ಮೆದುಳು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡು ಸಮತೋಲ ಕಾಯ್ದುಕೊಳ್ಳುತ್ತದೆ. ಮದ್ಯ ನಿಂತ ದಿನ ಆ ಉದ್ರೇಕವೊಂದೇ ಉಳಿಯುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಏಕಾಏಕಿ ಹಗ್ಗ ಬಿಟ್ಟರೆ ಇನ್ನೊಂದು ಕಡೆಯವರು ಬೀಳುವಂತೆ. ಮೊದಲ ದಿನವೇ ಕೈನಡುಕ, ಬೆವರು, ನಿದ್ದೆಗೇಡು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಕೆಲವರಿಗೆ ಇಲ್ಲದ್ದು ಕಾಣುವ, ಕೇಳುವ ಸನ್ನಿಯಾಗುತ್ತದೆ, ಪ್ರಾಣಕ್ಕೂ ಕುತ್ತು ಬರುತ್ತದೆ. ಹೀಗಾಗಿ ಹಲವು ವರ್ಷ ವಿಪರೀತ ಕುಡಿದವರು ವೈದ್ಯರ ನೆರವಿಲ್ಲದೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ನಮ್ಮ ಕಥೆಯ ಮೇಸ್ತ್ರಿ ಆ ರಾತ್ರಿ ಅತ್ತು ಎದ್ದುಹೋದದ್ದೇನೋ ಸರಿ, ಮರುದಿನ ಅವನಿಗೆ ಫಿಟ್ಸ್ ಬಂದಿದ್ದರೆ? ನಾವು ಆ ಯೋಚನೆಯನ್ನೇ ಮಾಡಿರಲಿಲ್ಲ.

ಶರೀರದ ಈ ಬಿರುಗಾಳಿ ವಾರದೊಳಗೆ ತಣಿಯುತ್ತದೆ. ಆಮೇಲೆ ಮನಸ್ಸಿನ ಸರದಿ. ಬಹಳ ಜನರಿಗೆ ಮೊದಲು ಬರುವುದು ದುಃಖವಲ್ಲ, ಸಂಭ್ರಮ. ಬಾಯಿಗೆ ರುಚಿ ಮರಳುತ್ತದೆ, ಮಕ್ಕಳು ಹತ್ತಿರ ಬರುತ್ತಾರೆ, ಎಲ್ಲರೂ ಹೊಗಳುತ್ತಾರೆ. ಇನ್ನು ನನಗೆ ಯಾವ ಭಯವೂ ಇಲ್ಲ ಎನಿಸುತ್ತದೆ. 1935ರಲ್ಲಿ ಅಮೆರಿಕದ ಏಕ್ರನ್ ನಗರದಲ್ಲಿ ಇಬ್ಬರು ಕುಡುಕರು ಸೇರಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲಿ ಈ ಸ್ಥಿತಿಯನ್ನು ಗುಲಾಬಿ ಮೋಡ ಎಂದು ಕರೆಯುತ್ತಾರೆ. ಅನುಭವಸ್ಥರು ಆ ಮೋಡದ ಮೇಲೆ ಕುಳಿತವನನ್ನು ಕಂಡು ಖುಷಿಪಡುತ್ತಲೇ ಹೆದರುತ್ತಾರೆ. ಯಾಕೆಂದರೆ ಮೋಡ ಕರಗುತ್ತದೆ. ವರ್ಷಗಟ್ಟಲೆ ಮದ್ಯದಿಂದಲೇ ಸುಖ ಪಡೆದು ಅಭ್ಯಾಸವಾದ ಮೆದುಳಿಗೆ ಸಣ್ಣ ಸಣ್ಣ ಸಂತೋಷಗಳು ತಟ್ಟಲು ವಾರಗಳು, ತಿಂಗಳುಗಳು ಬೇಕು. ಅಷ್ಟರವರೆಗೆ ಬಿರಿಯಾನಿಯೂ ಒಂದೇ, ಗಂಜಿಯೂ ಒಂದೇ. ನಿದ್ದೆ ಸರಿಯಾಗಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಅತ್ತು ಮುಗಿಸದ ಹಳೆಯ ಸಾವುಗಳು, ಅವಮಾನಗಳು, ತಾನೇ ಮಾಡಿದ ಅನ್ಯಾಯಗಳು ಒಂದೊಂದಾಗಿ ಎದ್ದು ಬರುತ್ತವೆ. ಎಂಟು ವರ್ಷದ ಹಿಂದಿನ ತಾಯಿಯ ಸಾವಿಗೆ ತಟ್ಟೆ ತೊಳೆಯುತ್ತಾ ಅತ್ತವನಿಗೆ ಹುಚ್ಚು ಹಿಡಿದಿರಲಿಲ್ಲ. ಅವನು ತಡವಾಗಿ ಅಳುತ್ತಿದ್ದ, ಅಷ್ಟೆ.

ಬಿಟ್ಟವರು ತಮ್ಮೊಳಗೆ ಹೇಳಿಕೊಳ್ಳುವ ಒಂದು ಎಚ್ಚರಿಕೆ ಇದೆ: ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಒಂದು ಬಂದರೂ ಜೋಪಾನ. ಇದಕ್ಕೆ ಐದನೆಯದಾಗಿ ಹಬ್ಬವನ್ನು ಸೇರಿಸಬೇಕೆಂದು ಒಬ್ಬರು ನಮಗೆ ಹೇಳಿದರು. ದುಃಖವಾದಾಗ ಜನ ಜೊತೆಗಿರುತ್ತಾರೆ, ಖುಷಿಯಾದಾಗ ನಾನು ಒಬ್ಬನೇ ಹೊರಗೆ ಹೋಗುತ್ತೇನೆ, ಆಗಲೇ ಅಪಾಯ ಎಂದರು. ಆಪಾಳ ಗಂಡ ಬಕ್ರೀದಿನ ಹಿಂದಿನ ದಿನವೇ ಯಾಕೆ ಎಡವಿದ ಎಂಬುದು ಆಗ ನಮಗೆ ಸ್ವಲ್ಪ ಅರ್ಥವಾಯಿತು.

ಇಷ್ಟೊಂದು ಜೀವಂತ ವಸ್ತುವನ್ನು ಯಾವ ಲೇಖಕರೂ ಮುಟ್ಟಿಲ್ಲವೇ? ಮುಟ್ಟಿದ್ದಾರೆ, ಮತ್ತು ಹೇಗೆ ಮುಟ್ಟಬೇಕೆಂದು ತೋರಿಸಿಕೊಟ್ಟಿದ್ದಾರೆ. ನಾವು ಹುಡುಕುತ್ತಾ ಹೋದಾಗ ಸಿಕ್ಕ ಎರಡು ಕೃತಿಗಳೂ ದೂರದ ಅಮೆರಿಕದವು. ಎರಡನ್ನೂ ಬರೆದವರು ಸ್ವತಃ ಕುಡಿದು, ಬಿಟ್ಟವರು.

ಮೊದಲನೆಯದು ಯೂಜಿನ್ ಓನೀಲ್ ಅವರ ನಾಟಕ 'ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್'. 1941ರಲ್ಲಿ ಬರೆದು ಮುಗಿಸಿ, ತಮ್ಮ ಮನೆಯದೇ ಕಥೆಯೆಂದು ಮುಚ್ಚಿಟ್ಟಿದ್ದರು. ಅವರು ತೀರಿಕೊಂಡು ಮೂರು ವರ್ಷದ ನಂತರ 1956ರಲ್ಲಿ ಪ್ರಕಟವಾಯಿತು. 1912ರ ಆಗಸ್ಟ್ ತಿಂಗಳ ಒಂದೇ ದಿನ, ಬೆಳಗಿನಿಂದ ನಡುರಾತ್ರಿಯವರೆಗೆ ನಡೆಯುವ ಕಥೆ. ತಾಯಿ ಮೇರಿ ಮಾರ್ಫಿನ್ ಚಟಕ್ಕೆ ಚಿಕಿತ್ಸೆ ಪಡೆದು ಮನೆಗೆ ಮರಳಿದ್ದಾಳೆ. ಬೆಳಗಿನ ತಿಂಡಿಯ ಹೊತ್ತಿಗೆ ಮನೆ ತುಂಬ ನಗು. ಗಂಡ, ಅವಳು ಮೈತುಂಬಿಕೊಂಡಿದ್ದಾಳೆಂದು ಹಿಗ್ಗುತ್ತಾನೆ. ಆದರೆ ಗಂಡನೂ ಇಬ್ಬರು ಗಂಡುಮಕ್ಕಳೂ ಅವಳನ್ನು ನೋಡುತ್ತಲೇ ಇದ್ದಾರೆ. ರಾತ್ರಿ ಅವಳು ಯಾವ ಕೋಣೆಗೆ ಹೋದಳು? ಕೈ ಯಾಕೆ ಅಷ್ಟು ಚಡಪಡಿಸುತ್ತಿದೆ? ಅವಳಿಗೆ ಆ ನೋಟ ಗೊತ್ತಾಗುತ್ತದೆ, ಕೂದಲು ಸರಿಪಡಿಸಿಕೊಳ್ಳುತ್ತಾಳೆ, ಯಾಕೆ ಹಾಗೆ ನೋಡುತ್ತೀರಿ ಎನ್ನುತ್ತಾಳೆ. ಕಿರಿಮಗನ ಕಾಯಿಲೆಯ ಭಯ ಒಂದು ಕಡೆ, ನಂಬಿಕೆಯಿಲ್ಲದ ಈ ಕಣ್ಣುಗಳು ಇನ್ನೊಂದು ಕಡೆ. ಸಂಜೆಯಾಗುವಷ್ಟರಲ್ಲಿ ಅವಳು ಮತ್ತೆ ಮಾರ್ಫಿನ್ನಿನ ಮಂಜಿನೊಳಗೆ ಹೋಗಿಬಿಟ್ಟಿರುತ್ತಾಳೆ. ಅವಳನ್ನು ಕಾಯುತ್ತಿರುವ ಗಂಡಸರ ಕೈಯಲ್ಲಿ ದಿನವಿಡೀ ವಿಸ್ಕಿ ಇರುತ್ತದೆ! ಹಿರಿಮಗನ ಒಂದು ಮಾತಂತೂ ಎದೆ ಇರಿಯುತ್ತದೆ. ಅಮ್ಮ ಗೆದ್ದರೆ ತಾನೂ ಗೆಲ್ಲಬಹುದೆಂದು ಅವನು ಆಸೆಯಿಟ್ಟುಕೊಂಡಿದ್ದನಂತೆ.

ಈ ನಾಟಕದಲ್ಲಿ ಖಳನಾಯಕರಿಲ್ಲ. ಎಲ್ಲರೂ ಪ್ರೀತಿಸುತ್ತಾರೆ, ಆ ಪ್ರೀತಿಯೇ ಪಹರೆಯಾಗುತ್ತದೆ. ನಮ್ಮ ಮನೆಗಳಲ್ಲೂ ಇದೇ ಅಲ್ಲವೇ ನಡೆಯುವುದು? ಬಿಟ್ಟವನು ಅರ್ಧ ಗಂಟೆ ತಡವಾಗಿ ಬಂದರೆ ಹೆಂಡತಿ ಹತ್ತಿರ ಬಂದು ಉಸಿರು ಮೂಸುತ್ತಾಳೆ, ತಾಯಿ ಕಣ್ಣು ನೋಡುತ್ತಾಳೆ, ಮಗ ಅಂಗಿಯ ಕಿಸೆ ತಡಕುತ್ತಾನೆ. ಅವರದು ತಪ್ಪೆಂದು ಹೇಳಲಾಗದು, ಸುಟ್ಟ ಕೈ ಅವರದು. ಆದರೆ ಮೂಸಿಸಿಕೊಂಡವನ ಅವಮಾನವೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ತೂಗಿದ್ದು ಓನೀಲ್ ಅವರ ದೊಡ್ಡತನ.

ಎರಡನೆಯದು ರೇಮಂಡ್ ಕಾರ್ವರ್ ಅವರ ಕಥೆ, 'ವೇರ್ ಐ ಆ್ಯಮ್ ಕಾಲಿಂಗ್ ಫ್ರಮ್'. 1983ರ 'ಕೆಥೀಡ್ರಲ್' ಸಂಕಲನದಲ್ಲಿದೆ. ಕಾರ್ವರ್ ಕುಡಿತ ಬಿಟ್ಟದ್ದು 1977ರ ಜೂನ್ 2ರಂದು. 1988ರಲ್ಲಿ ತೀರಿಕೊಳ್ಳುವವರೆಗೂ ಆ ತಾರೀಖು ಅವರಿಗೆ ಎರಡನೇ ಹುಟ್ಟುಹಬ್ಬದಂತಿತ್ತು. ಕಥೆ ನಡೆಯುವುದು ಕುಡಿತ ಬಿಡಿಸುವ ಒಂದು ಖಾಸಗಿ ಮನೆಯ ಜಗುಲಿಯಲ್ಲಿ. ಕಥೆ ಹೇಳುವವನು ಅಲ್ಲಿಗೆ ಬಂದಿರುವುದು ಎರಡನೇ ಸಲ. ಪಕ್ಕದಲ್ಲಿ ಕುಳಿತ ಜೆ. ಪಿ. ಎಂಬಾತ ಚಿಮಣಿ ಗುಡಿಸುವವನು. ತನ್ನ ಬಾಲ್ಯ, ಮದುವೆ, ಕುಡಿತದ ಕಥೆ ಹೇಳುತ್ತಾ ಹೋಗುತ್ತಾನೆ. ಅವನು ನಿಲ್ಲಿಸಿದರೆ ಇವನಿಗೆ ಭಯ, ಹೇಳು ಹೇಳು ಎನ್ನುತ್ತಾನೆ. ಕಥೆ ಕೇಳುತ್ತಿರುವಷ್ಟು ಹೊತ್ತು ತನ್ನ ಬಗ್ಗೆ ಯೋಚಿಸಬೇಕಾಗಿಲ್ಲವಲ್ಲ!

ಅಲ್ಲಿ ಟೈನಿ ಎಂಬ ದಢೂತಿ ಆಸಾಮಿ ಇದ್ದಾನೆ. ಹೊಸ ವರ್ಷಕ್ಕೆ ಮನೆಗೆ ಹೋಗುವ ಉತ್ಸಾಹದಲ್ಲಿದ್ದಾನೆ. ತಿಂಡಿಯ ಮೇಜಿನಲ್ಲಿ ಎಲ್ಲರಿಗೂ ಕಥೆ ಹೇಳುತ್ತಿದ್ದವನು, ಕ್ಷಣಮಾತ್ರದಲ್ಲಿ ನೆಲಕ್ಕೆ ಬಿದ್ದು ಒದ್ದಾಡುತ್ತಾನೆ. ಬದುಕುತ್ತಾನೆ. ಆದರೆ ಆಮೇಲೆ ಅವನು ಕಥೆ ಹೇಳುವುದಿಲ್ಲ. ಸುಮ್ಮನೆ ಕುಳಿತು, ಇನ್ನೊಮ್ಮೆ ಯಾವಾಗ ಎಂದು ಕಾಯುತ್ತಾನೆ. ಹೇಳುವವನೂ ತನ್ನ ಮೈಯ ಪ್ರತಿ ಅದುರನ್ನು ಗಮನಿಸತೊಡಗುತ್ತಾನೆ. ಏರು ಮತ್ತು ಇಳಿತವನ್ನು ಒಂದೇ ಮೇಜಿನ ಮೇಲೆ, ಯಾವ ವ್ಯಾಖ್ಯಾನವೂ ಇಲ್ಲದೆ ಇಟ್ಟುಬಿಟ್ಟಿದ್ದಾರೆ ಕಾರ್ವರ್. ಕಥೆಯ ಕೊನೆಯಲ್ಲಿ ಅವನು ಗುಣವಾಗಿರುವುದಿಲ್ಲ, ಮತ್ತೆ ಕುಡಿದೂ ಇರುವುದಿಲ್ಲ. ಹೆಂಡತಿಗೆ ಫೋನ್ ಮಾಡಬೇಕು, ಏನು ಹೇಳಲಿ ಎಂದು ಯೋಚಿಸುತ್ತಿರುತ್ತಾನೆ. ಅಷ್ಟೇ. ನಮ್ಮ ಮೇಸ್ತ್ರಿಗೆ ನಾವು ಒಂದು ರಾತ್ರಿಯಲ್ಲಿ ಕೊಟ್ಟುಬಿಟ್ಟ ಮುಕ್ತಿಯನ್ನು ಕಾರ್ವರ್ ತಮ್ಮ ಪಾತ್ರಕ್ಕೆ ಕೊಡುವುದಿಲ್ಲ, ಕೊಡದೆ ಇರುವುದರಿಂದಲೇ ಅವನನ್ನು ನಾವು ನಂಬುತ್ತೇವೆ.

ಇವೆರಡನ್ನೂ ಓದಿದ ಮೇಲೆ ನಮ್ಮ ಕಥನದ ತೊಡಕು ಎಲ್ಲಿದೆಯೆಂದು ಹೊಳೆಯಿತು. ನಮಗೆ ತಿರುವು ಬೇಕು. ಕುಡುಕ ಸಾಯಬೇಕು, ಇಲ್ಲವೇ ಸಂತನಾಗಬೇಕು. ಆದರೆ ಚೇತರಿಕೆ ಎಂಬುದರಲ್ಲಿ ತಿರುವೇ ಇಲ್ಲ. 43ನೇ ದಿನ 42ನೇ ದಿನದಂತೆಯೇ ಇರುತ್ತದೆ. ಒಬ್ಬ ಮನುಷ್ಯ ಸಂಜೆ ಆರು ಗಂಟೆಗೆ ಒಂದು ಓಣಿಯಲ್ಲಿ ಹೋಗುವ ಬದಲು ಇನ್ನೊಂದು ಓಣಿಯಲ್ಲಿ ಹೋದ ಎಂಬುದೇ ಅಂದಿನ ಮಹಾಘಟನೆ. ಇದನ್ನು ಕಥೆಯೆಂದು ಕಳಿಸಿದರೆ ಯಾವ ಸಂಪಾದಕರು ಹಾಕಿಕೊಳ್ಳುತ್ತಾರೆ?

ನಮ್ಮ ಸಾರ್ವಜನಿಕ ಬದುಕಿಗೂ ಇದೇ ಆತುರ. 1992ರಲ್ಲಿ ಬಂದ ಡಾ. ರಾಜ್‌ಕುಮಾರ್ ಅವರ 'ಜೀವನ ಚೈತ್ರ' ಸಾರಾಯಿಯ ವಿರುದ್ಧದ ಹೋರಾಟವನ್ನು ತೆರೆಯ ಮೇಲೆ ತಂದಾಗ ಹಳ್ಳಿ ಹಳ್ಳಿಗಳಲ್ಲಿ ಅದರ ಮಾತಾಯಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟವೇ ನಿಂತಿತು. ಅಂಗಡಿ ಮುಚ್ಚುವುದು ಒಂದು ದಿನದ ಕೆಲಸ, ಆ ದಿನಕ್ಕೆ ತಾರೀಖಿದೆ. ಕುಡಿಯುತ್ತಿದ್ದವನ ಮನಸ್ಸಿಗೆ ಅಂಥ ತಾರೀಖಿಲ್ಲ. ದೆಹಲಿಯ ಏಮ್ಸ್ ನಡೆಸಿ, 2019ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. 5.7 ಕೋಟಿಯಷ್ಟು ಜನರ ಕುಡಿತ ನೆರವು ಬೇಕಾಗುವ ಮಟ್ಟ ತಲುಪಿದೆ. ಮದ್ಯಕ್ಕೆ ಪೂರ್ತಿ ದಾಸರಾದವರಲ್ಲಿ 38 ಮಂದಿಗೆ ಒಬ್ಬರಷ್ಟೇ ಏನಾದರೂ ಚಿಕಿತ್ಸೆ ಪಡೆದವರು. ಉಳಿದ 37 ಮಂದಿಗೆ ತಾವು ಹಾದುಹೋಗುವ ಕತ್ತಲೆಗೆ ಒಂದು ಹೆಸರಿದೆ, ಅದು ಮುಗಿಯುತ್ತದೆ ಎಂಬುದನ್ನು ಹೇಳುವವರು ಯಾರು? ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳು ಎಂಟು ದಿನ ನಡೆಯುತ್ತವೆ. ಆದರೆ ಅವುಗಳನ್ನು ನಡೆಸುವವರು ಎಂಟನೇ ದಿನಕ್ಕೆ ಕೈತೊಳೆದುಕೊಳ್ಳುವುದಿಲ್ಲ, ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಸೇರಿಸಿ ಆಗಾಗ ಒಟ್ಟಿಗೆ ಕೂರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಬಿಟ್ಟವನ ಜೊತೆ ಮನೆಯವರನ್ನೂ ಕರೆದು ಮಾತಾಡಿಸುತ್ತಾರೆ. ಕಥೆಗಾರರಿಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತಿದೆ: ಬಿಡುವುದು ಒಂದು ದಿನ, ಬಿಟ್ಟಿರುವುದು ದಿನಾ.

ನಮ್ಮ ಸಮುದಾಯದ ಬಗ್ಗೆಯೂ ಒಂದು ಮಾತು ಹೇಳದೆ ಈ ಬರಹ ಮುಗಿಸುವಂತಿಲ್ಲ. ನಮ್ಮಲ್ಲಿ ಕುಡಿತವಿಲ್ಲ ಎಂದು ಹೇಳಿಕೊಳ್ಳುವುದು ನಮಗೆ ಅಭಿಮಾನದ ವಿಷಯ. ಹರಾಮ್ ಎಂಬ ಕಟ್ಟಳೆ ಎಷ್ಟೋ ಮನೆಗಳನ್ನು ಉಳಿಸಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ಅದೇ ಕಾರಣಕ್ಕೆ ನಮ್ಮಲ್ಲಿ ಕುಡಿಯುವವನು ಅಡಗಿ ಕುಡಿಯುತ್ತಾನೆ, ಬಿಡುವವನೂ ಅಡಗಿಯೇ ಬಿಡಬೇಕಾಗುತ್ತದೆ. ಅರವತ್ತು ದಿನ ಆಯಿತೆಂದು ಸಂತೋಷ ಹಂಚಿಕೊಳ್ಳಬೇಕಾದರೆ ಮೊದಲು ಕುಡಿಯುತ್ತಿದ್ದೆನೆಂದು ಒಪ್ಪಿಕೊಳ್ಳಬೇಕಲ್ಲ! ಮಗಳಿಗೆ ಸಂಬಂಧ ನೋಡುತ್ತಿರುವ ಮನೆಯಲ್ಲಿ ಆ ಮಾತು ಹೊರಬರುವುದುಂಟೇ? ಹೀಗಾಗಿ ನಮ್ಮವನ ಗುಲಾಬಿ ಮೋಡವೂ ಒಂಟಿ, ಅದು ಕರಗಿದ ಮೇಲಿನ ಕಗ್ಗತ್ತಲೆಯೂ ಒಂಟಿ. ಮದ್ಯದ ನಿಷೇಧ ಕುರ್‌ಆನಿನಲ್ಲಿ ಒಂದೇ ಏಟಿಗೆ ಬರಲಿಲ್ಲ, ಹಂತ ಹಂತವಾಗಿ ಬಂತು ಎಂಬುದನ್ನು ನಮ್ಮ ಉಲೆಮಾಗಳು ಬೋಧಿಸುತ್ತಲೇ ಇರುತ್ತಾರೆ. ಮೊದಲು ಲಾಭಕ್ಕಿಂತ ಕೇಡು ಹೆಚ್ಚೆಂಬ ಎಚ್ಚರಿಕೆ, ಆಮೇಲೆ ಅಮಲಿನಲ್ಲಿ ನಮಾಝಿನ ಬಳಿ ಸುಳಿಯಬಾರದೆಂಬ ಆಜ್ಞೆ, ಕೊನೆಗೆ ಪೂರ್ಣ ನಿಷೇಧ. ಇಂದು ಆ ಪೂರ್ಣ ನಿಷೇಧವೇ ನಮಗೆ ಕಟ್ಟಳೆ, ಅದನ್ನು ಸಡಿಲಿಸಲು ನಾವು ಇದನ್ನು ಹೇಳುತ್ತಿಲ್ಲ. ಆದರೆ ಮನುಷ್ಯ ಬದಲಾಗಲು ಕಾಲ ಬೇಕೆಂಬುದನ್ನು ಅಷ್ಟು ಸ್ಪಷ್ಟವಾಗಿ ಅರಿತ ಪರಂಪರೆಯವರು, ಎಡವಿ ಬಿದ್ದವನನ್ನು ಕಂಡು, ನಿನ್ನ ತೌಬಾವೇ ಸುಳ್ಳು ಎನ್ನುವುದು ಎಷ್ಟು ಸರಿ? ಪಶ್ಚಾತ್ತಾಪ, ತ್ಯಾಗ, ಮತ್ತೆ ಮಾಡೆನೆಂಬ ಸಂಕಲ್ಪ. ತೌಬಾಕ್ಕೆ ನಮ್ಮ ವಿದ್ವಾಂಸರು ಹೇಳುವ ಷರತ್ತುಗಳಿವು. ಮೂರನೆಯದನ್ನು ಬಿಟ್ಟವನು ಪ್ರತಿದಿನ ಬೆಳಿಗ್ಗೆ ಹೊಸದಾಗಿ ಮಾಡಬೇಕು.

ಆಪಾಳನ್ನು ನಾವು ಕಳೆದ ವರ್ಷ ಮತ್ತೆ ಕಂಡೆವು. ಗಂಡ ಆಮೇಲೆ ಎರಡು ಸಲ ಬಿಟ್ಟು ಎರಡು ಸಲ ಎಡವಿದನಂತೆ. ನಾಲ್ಕನೇ ಸಲ ಬಿಟ್ಟು ಒಂದೂವರೆ ವರ್ಷವಾಗಿತ್ತು. "ಈ ಸಲ ಏನು ಬೇರೆ ಮಾಡಿದಿರಿ?" ಎಂದು ಕೇಳಿದೆವು. "ಅವರು ಸಿಟ್ಟು ಮಾಡಿಕೊಂಡರೆ ಇದು ಕಾಯಿಲೆಯ ಸಿಟ್ಟು, ಹೋಗುತ್ತದೆ ಅಂತ ಡಾಕ್ಟರು ನನಗೆ ಹೇಳಿದ್ದರು. ಮೊದಲ ಸಲ ಯಾರೂ ಹೇಳಿರಲಿಲ್ಲ" ಎಂದಳು. ಅವಳ ಹಳೆಯ ಪ್ರಶ್ನೆಗೆ ನಮ್ಮ ಉತ್ತರವನ್ನು ಅಂದು ಕೊಟ್ಟೆವು. ಅವರ ಮೊದಲ ತೌಬಾ ಸುಳ್ಳಾಗಿರಲಿಲ್ಲ ಆಪಾ, ಅದಕ್ಕೆ ಜೊತೆ ಇರಲಿಲ್ಲ ಎಂದೆವು. ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ.

ಆ ಜೊತೆ ಕೊಡುವ ಕೆಲಸದಲ್ಲಿ ಸಾಹಿತ್ಯಕ್ಕೂ ಪಾಲಿದೆ ಎಂದು ನಾವು ನಂಬುತ್ತೇವೆ. 50ನೇ ದಿನದ ರಾತ್ರಿ ನಿದ್ದೆಯಿಲ್ಲದೆ ಕುಳಿತವನ ಕೈಗೆ, ಅವನನ್ನು ನೋಡುತ್ತಾ ಕುಳಿತವಳ ಕೈಗೆ, ಇದು ನಿಮಗೊಬ್ಬರಿಗೇ ಆಗುತ್ತಿಲ್ಲ ಎಂದು ಹೇಳುವ ಒಂದು ಕನ್ನಡ ಕಥೆ ಸಿಗಬೇಕು. ನಮ್ಮ ಹಳೆಯ ಕಥೆಯನ್ನು ಈಗ ಈದಿನ ಮರುದಿನದಿಂದ ಮತ್ತೆ ಬರೆಯುತ್ತಿದ್ದೇವೆ. ಮೇಸ್ತ್ರಿ 43ನೇ ದಿನದಲ್ಲಿದ್ದಾನೆ. ಸಂಜೆ ಹಾಲು ತರಲು ಹೋಗಿದ್ದಾನೆ, ಹೆಂಡತಿ ಬೀಡಿ ಕಟ್ಟುತ್ತಾ ಗಡಿಯಾರ ನೋಡುತ್ತಿದ್ದಾಳೆ. ಅಲ್ಲಿಂದ ಮುಂದಕ್ಕೆ ಕಥೆ ಇನ್ನೂ ಸಾಗಿಲ್ಲ. ಈ ದಿನಗಳನ್ನು ಕಂಡುಂಡವರು, ಅದರಲ್ಲೂ ನಮ್ಮ ಹೆಣ್ಣುಮಕ್ಕಳು, ನಮಗಿಂತ ಮೊದಲು ಅದನ್ನು ಬರೆದರೆ ಎಲ್ಲರಿಗಿಂತ ಹೆಚ್ಚು ಸಂತೋಷಪಡುವವರು ನಾವೇ.